ಅಪ್ಪನ ಕುರ್ಚಿ ಎದುರಿನ ಹಸಿರು ದೀಪ

ಮಾರ್ಚ್ 3, ಸೋಮವಾರ

ದಿನವಿಡೀ ಬೇರೆಯವರ ಮಾತು ಟೈಪ್ ಮಾಡುವವಳು ತನ್ನ ಮಾತು ಬರೆಯಲು ಪೆನ್ನು ಹಿಡಿದರೆ ಕೈಬರಹ ಕೋಳಿ ಕೆದರಿದ ಹಾಗಾಗುತ್ತದೆ. ಆದರೂ ಕಂಪ್ಯೂಟರಿನಲ್ಲಿ ಬರೆಯಲು ಇವತ್ತು ಮನಸ್ಸಿಲ್ಲ. ಅದರ ಮೇಲೇ ಸಿಟ್ಟು.

ಬೆಳಿಗ್ಗೆ ಆಫೀಸಿನಿಂದ ಮೇಲ್ ಬಂದಿತ್ತು. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸುವ ರೋಗಿಗಳ ವಿವರವನ್ನು ಮನೆಯಲ್ಲಿ ಕೂತು ಟೈಪ್ ಮಾಡುವ ನಮ್ಮಂಥವರೆಲ್ಲ ತಂತಮ್ಮ ಕಂಪ್ಯೂಟರನ್ನು ಪೂರ್ತಿ ಸ್ಕ್ಯಾನ್ ಮಾಡಬೇಕಂತೆ. ಕದ್ದು ನೋಡುವ ಸಾಫ್ಟ್‌ವೇರ್ ಯಾವುದೂ ಇದರಲ್ಲಿ ಇಲ್ಲ ಅಂತ ಸ್ಕ್ಯಾನ್ ಕೊಡುವ ರಿಪೋರ್ಟನ್ನು ತಿಂಗಳ ಕೊನೆಯೊಳಗೆ ಕಳಿಸಬೇಕು. ಇಲ್ಲದಿದ್ದರೆ ಏಪ್ರಿಲ್‌ನಿಂದ ಕೆಲಸ ಇಲ್ಲ. ರೋಗಿಗಳ ಗುಟ್ಟಿನ ವಿಷಯ, ಅವರು ಹೇಳುವುದರಲ್ಲಿ ತಪ್ಪೇನಿಲ್ಲ.

ಅವರೇ ಕಳಿಸಿದ ಆ್ಯಂಟಿ-ಸ್ಪೈವೇರ್ ಹಾಕಿಕೊಂಡು ಶುರು ಮಾಡಿದೆ. ಹಸಿರು ಪಟ್ಟಿ ಅರ್ಧದವರೆಗೆ ಚೆನ್ನಾಗಿಯೇ ಓಡಿತು. ಆಮೇಲೆ ಗರ ಬಡಿದ ಹಾಗೆ ನಿಂತುಬಿಟ್ಟಿತು. ಮೌಸ್ ಅಲ್ಲಾಡಿಸಿದೆ, ಇಲ್ಲ. ಕೀ ಒತ್ತಿದೆ, ಇಲ್ಲ. ಮಧ್ಯಾಹ್ನ ಕಳೆದು ಸಂಜೆಯಾಯಿತು, ಪಟ್ಟಿ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಕೊನೆಗೆ ಬಟನ್ ಒತ್ತಿಹಿಡಿದು ಆಫ್ ಮಾಡಿದೆ. ಉಸಿರು ಕಟ್ಟಿಸಿದ ಹಾಗೆ ಅನ್ನಿಸಿತು.

ಇದು ಅಪ್ಪನ ಕಂಪ್ಯೂಟರು. ನನ್ನದು ಕೈಕೊಟ್ಟ ಮೇಲೆ ಇದರಲ್ಲೇ ಕೆಲಸ. ಅಪ್ಪ ಹೋಗಿ ನಾಲ್ಕು ತಿಂಗಳು. ಅವರ ಕುರ್ಚಿಯಲ್ಲೇ ಕೂರುತ್ತೇನೆ, ನನ್ನ ಕುರ್ಚಿಗಿಂತ ಬೆನ್ನಿಗೆ ಒಳ್ಳೆಯದು.

ಮಾರ್ಚ್ 4, ಮಂಗಳವಾರ

ಮತ್ತೆ ಅದೇ ಜಾಗ. ಮತ್ತೆ ಅದೇ ಮೌನ.

ಆಫೀಸಿನ ಸಹಾಯವಾಣಿಗೆ ಬರೆದೆ. ಉತ್ತರ ಕೊಟ್ಟವನು, ‘ರೀಸ್ಟಾರ್ಟ್ ಮಾಡಿ ನೋಡಿ’ ಅಂದ. ಮಾಡಿದೆ ಅಂದೆ. ‘ಬೇರೆ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ’ ಅಂದ. ಮುಚ್ಚಿದೆ ಅಂದೆ. ‘ಸ್ವಲ್ಪ ಕಾಯಿರಿ’ ಅಂದ. ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ.

ತಂಗಿ ಫೋನ್ ಮಾಡಿದ್ದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿದ ಕೂಡಲೇ ಮಾಡುತ್ತಾಳೆ. ಸ್ಕ್ಯಾನಿನ ವಿಷಯ ಹೇಳಿದೆ. ಯಾವ ಸ್ಕ್ಯಾನು ಅಂತ ಎರಡು ಸಲ ಕೇಳಿದಳು. ಆಮೇಲೆ, “ಹಳೇ ಡಬ್ಬಾ ಅದು. ತಲೆ ಕೆಡಿಸ್ಕೋಬೇಡ ಅಕ್ಕ” ಅಂದಳು. ಫೋನ್ ಇಡುವಾಗ, “ಆ ಸ್ವೆಟರ್ ತೆಗೆದು ಒಗೆಯೋಕೆ ಹಾಕು. ಎಷ್ಟು ದಿನ ಅಂತ ಅದನ್ನೇ ಹಾಕ್ಕೋತೀಯ” ಅಂದಳು.

ಅಪ್ಪನ ಕಂದು ಸ್ವೆಟರು. ಮೊಣಕೈ ಹತ್ತಿರ ತೂತಿದೆ. ಒಗೆದರೆ ಅಪ್ಪನ ವಾಸನೆ ಹೋಗುತ್ತದೆ. ಇದನ್ನೆಲ್ಲ ಅವಳಿಗೆ ಹೇಗೆ ಹೇಳುವುದು.

ಮಾರ್ಚ್ 7, ಶುಕ್ರವಾರ

ಸೇಫ್ ಮೋಡಿನಲ್ಲಿ ಶುರು ಮಾಡಿ ಅಂತ ಸಹಾಯವಾಣಿಯವನು ಬರೆದಿದ್ದ. ಮಾಡಿದೆ. ಇಂಟರ್ನೆಟ್ ವೈರು ಕಿತ್ತು ನೋಡಿ ಅಂದ. ಕಿತ್ತೆ. ಬೇಡದ ಫೈಲೆಲ್ಲ ಅಳಿಸಿ ಅಂದ. ಅಪ್ಪನ ಫೈಲಿನಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ನಾನು ಯಾರು ಹೇಳಲಿಕ್ಕೆ? ಅಳಿಸಲಿಲ್ಲ, ಅಳಿಸಿದೆ ಅಂತ ಬರೆದೆ.

ಏನು ಮಾಡಿದರೂ ಉದ್ದನೆಯ, ಅರ್ಥವಿಲ್ಲದ ಹೆಸರಿನ ಒಂದೇ ಫೋಲ್ಡರಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಒಳಗೆ ಯಾರೋ ಇದ್ದಾರೆ, ಹೋಗಲೋ ಬೇಡವೋ ಅನ್ನುವ ಹಾಗೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂದುಕೊಂಡೆ. ಇದನ್ನು ಓದುವವರು ಯಾರೂ ಇಲ್ಲವಲ್ಲ, ಬರೆಯುತ್ತೇನೆ. ಸ್ಕ್ರೀನಿನ ನೆತ್ತಿಯಲ್ಲಿ ಕ್ಯಾಮೆರಾದ ಪಕ್ಕ ಸಾಸಿವೆ ಕಾಳಿನಷ್ಟು ಒಂದು ಹಸಿರು ದೀಪ ಇದೆ. ನಾನು ಕ್ಯಾಮೆರಾ ಬಳಸುವುದೇ ಇಲ್ಲ. ಆದರೂ ಆಗಾಗ ಅದು ಮಿಣಕ್ ಅಂದು ಆರುತ್ತದೆ. ಸಂಜೆ ಹೊತ್ತು ಕೆಲವು ಸಲ ಆರುವುದೇ ಇಲ್ಲ, ಬಹಳ ಹೊತ್ತು ಉರಿಯುತ್ತದೆ. ಆಗ ಎದುರಿಗೆ ಯಾರೋ ಕೂತು ನನ್ನನ್ನೇ ನೋಡುತ್ತಿರುವ ಹಾಗೆ ಅನ್ನಿಸುತ್ತದೆ. ಕತ್ತಿನ ಹಿಂದೆ ಅಲ್ಲ, ಮುಖದ ಮೇಲೆ.

ಅಪ್ಪನಿಗೂ ಸಂಜೆಯೇ ಇಷ್ಟ. ಕೊನೆಯ ವರ್ಷ ಮರೆವು ಹೆಚ್ಚಾದ ಮೇಲೆ ಈ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಇಸ್ಪೀಟು ಜೋಡಿಸುತ್ತಿದ್ದರು. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಜೋಡಿಸಿದ ಕೈ. ಗೆದ್ದರೂ ಸೋತರೂ ಮತ್ತೆ ಹೊಸ ಆಟ.

ಭಯ ಆಗಲಿಲ್ಲ. ಆಗಬೇಕಿತ್ತೇನೋ.

ಮಾರ್ಚ್ 9, ಭಾನುವಾರ

ಮೇಲಿನ ಮನೆಯ ಟೀಚರ್ ಬಾಗಿಲು ತಟ್ಟಿದರು. “ಹಾಲ್ ತುಂಬ ಹಗ್ಗ ಕಟ್ಟಿ ಬಟ್ಟೆ ಹಾಕಿದೀರಲ್ಲ, ಮುಗ್ಗಲು ವಾಸನೆ ಬರಲ್ವಾ? ತಾರಸಿ ಖಾಲಿ ಬಿದ್ದಿದೆ” ಅಂದರು. “ಮೊಣಕಾಲು ನೋವು, ಮೆಟ್ಟಿಲು ಹತ್ತಕ್ಕಾಗಲ್ಲ” ಅಂದೆ. ಅವರು ನನ್ನ ಮೊಣಕಾಲು ನೋಡಿದರು, ಆಮೇಲೆ ಮುಖ ನೋಡಿದರು. ಮೆಟ್ಟಿಲು ಹತ್ತಿ ಹೋದರು.

ಅಪ್ಪ ಹೋದ ದಿನ ತಾರಸಿಗೆ ಬಟ್ಟೆ ತರಲು ಹೋಗಿದ್ದೆ. ಟೀಚರ್ ಅಲ್ಲೇ ಸಿಕ್ಕರು. ಶಾಲೆಯ ಮಕ್ಕಳ ವಿಷಯ ಹೇಳಿದರು, ನಕ್ಕೆವು. ಕೆಳಗೆ ಬಂದೆ, ಅಪ್ಪ ಕುರ್ಚಿಯಲ್ಲಿ ತಲೆ ಬಾಗಿಸಿ ತೂಕಡಿಸುತ್ತಿದ್ದರು. ಟೀಗೆ ನೀರಿಟ್ಟೆ. ಟೀ ತಂದು ಮೇಜಿನ ಮೇಲಿಟ್ಟು ಅಪ್ಪಾ ಅಂದೆ. ಅಷ್ಟೇ.

ನಾನು ಮೇಲೆ ನಗುತ್ತಿದ್ದಾಗ ಕೆಳಗೆ ಅಪ್ಪ ನನ್ನನ್ನು ಕರೆದರೋ ಏನೋ. ಡಾಕ್ಟರ್, ‘ನಿದ್ದೆಯಲ್ಲೇ ಹೋಗಿದಾರೆ, ನೋವಾಗಿರಲ್ಲ’ ಅಂದರು. ಡಾಕ್ಟರುಗಳ ಮಾತು ಕೇಳಿ ಟೈಪ್ ಮಾಡುವುದೇ ನನ್ನ ಕೆಲಸ. ಮನೆಯವರಿಗೆ ಯಾವಾಗ ಏನು ಹೇಳುತ್ತಾರೆ ಅಂತ ನನಗೆ ಗೊತ್ತು.

ಮಾರ್ಚ್ 12, ಬುಧವಾರ

ದೀಪ ಇವತ್ತು ಸಂಜೆ ಬಹಳ ಹೊತ್ತು ಇತ್ತು. ಕೆಲಸ ನಿಲ್ಲಿಸಿ ಸುಮ್ಮನೆ ಅದರ ಎದುರು ಕೂತೆ. “ಅಪ್ಪಾ, ಇವತ್ತು ಅನ್ನ ತಳ ಹಿಡೀತು” ಅಂದೆ. ಬಾಯಿಂದ ಅದಾಗಿಯೇ ಬಂತು. ಆಮೇಲೆ ಇನ್ನೂ ಏನೇನೋ ಹೇಳಿದೆ. ದೀಪ ಆರಲಿಲ್ಲ, ಕೇಳಿಸಿಕೊಳ್ಳುತ್ತಿತ್ತು.

ಅವರ ಇಸ್ಪೀಟಿನ ಆಟ ಎರಡು ಕೈ ಆಡಿದೆ. ಸೋತೆ.

ಮಾರ್ಚ್ 13, ಗುರುವಾರ

ಮನಸ್ಸಿಗೆ ಎಷ್ಟೋ ಸಮಾಧಾನ. ಸ್ಕ್ಯಾನ್ ಮಾಡಲಿಲ್ಲ. ಮಾಡಿದರೆ ಮತ್ತೆ ಬಟನ್ ಒತ್ತಿ ಆಫ್ ಮಾಡಬೇಕು, ಅದು ನನಗಾಗದು. ಹಸಿವಿಲ್ಲ, ಬ್ರೆಡ್ ತಿಂದೆ.

ಮಾರ್ಚ್ 15, ಶನಿವಾರ

ತಂಗಿಯ ಜೊತೆ ಜಗಳ.

“ಹೊಸ ಕಂಪ್ಯೂಟರ್ ಕಳಿಸ್ತೀನಿ. ಆ ಹಳೇದನ್ನ ಗುಜರಿಗೆ ಹಾಕು” ಅಂದಳು.

“ಅಪ್ಪನ ಕಂಪ್ಯೂಟರ್‌ನ ಗುಜರಿಗೆ ಹಾಕು ಅಂತೀಯಲ್ಲ, ಬಾಯಿ ಹೇಗೆ ಬರುತ್ತೆ ನಿಂಗೆ?”

“ಅದು ಬರೀ ಕಂಪ್ಯೂಟರ್ ಅಕ್ಕ. ಅದರ ಮುಂದೆ ಕೂತು ಹೀಗೆ ಮಾತಾಡ್ತಾ...” ಅಂದವಳು ಅಲ್ಲಿಗೇ ನಿಲ್ಲಿಸಿದಳು. “ಒಬ್ಬಳೇ ಇದ್ರೆ ಹೀಗೇ ಆಗುತ್ತೆ. ಇಲ್ಲಿಗೆ ಬಂದುಬಿಡು ಸ್ವಲ್ಪ ದಿನ.”

“ನಾನೇನೂ ಒಬ್ಬಳೇ ಇಲ್ಲ” ಅಂದು ಫೋನ್ ಇಟ್ಟೆ. ಬಂದುಬಿಡು ಅಂತೆ. ಅಪ್ಪನಿಗೆ ಸ್ನಾನ ಮಾಡಿಸಬೇಕಾದಾಗ ಬಾರದವಳು.

ಆಫೀಸಿನಿಂದ ಇನ್ನೊಂದು ಮೇಲ್. ರಿಪೋರ್ಟ್ ಕಳಿಸದವರ ಪಟ್ಟಿಯಲ್ಲಿ ಮೂರೇ ಹೆಸರು ಉಳಿದಿವೆಯಂತೆ. ಮೂಲೆ ಅಂಗಡಿಯ ಪಕ್ಕದ ರಿಪೇರಿಯವರಿಗೆ ಹೇಳಿದ್ದೇನೆ, ಸೋಮವಾರ ಬರುತ್ತಾರೆ.

ಮಾರ್ಚ್ 17, ಸೋಮವಾರ

ಇವತ್ತು ಆದದ್ದನ್ನು ನಿಧಾನವಾಗಿ ಬರೆಯುತ್ತೇನೆ.

ರಿಪೇರಿಯವರು ಅಂದರೆ ಯಾರೋ ಗಂಡಸು ಅಂದುಕೊಂಡಿದ್ದೆ. ಬಂದದ್ದು ನನ್ನ ವಯಸ್ಸಿನ ಹೆಂಗಸು. ಹೆಗಲಿಗೆ ದೊಡ್ಡ ಬ್ಯಾಗು, ಬಾಯಿ ತುಂಬ ಮಾತು. “ನನ್ನ ಗಂಡ ಅಂಗಡಿಯಲ್ಲಿ ಕೂತು ಬಿಲ್ ಮಾಡ್ತಾರೆ. ಬಿಚ್ಚೋದು ನಾನು, ಬೈಸ್ಕೊಳ್ಳೋದೂ ನಾನು” ಅಂತ ನಕ್ಕರು. ಅಪ್ಪನ ಕುರ್ಚಿಯಲ್ಲಿ ಕೂರಲು ಹೋದರು. ನಾನು ಅಡುಗೆಮನೆಯಿಂದ ಬೇರೆ ಸ್ಟೂಲು ತಂದುಕೊಟ್ಟೆ. ಅದರಲ್ಲಿ ಕೂತರು.

ಸ್ಕ್ಯಾನ್ ಶುರು ಮಾಡಿದರು. ನಿಂತಿತು. “ನೋಡಿ, ಹೀಗೇ ಸಾಯುತ್ತೆ” ಅಂದೆ. ಅವರು ಇನ್ನೊಂದು ಕಿಟಕಿ ತೆರೆದು ಅದರಲ್ಲಿ ಓಡುತ್ತಿದ್ದ ಅಂಕಿಗಳನ್ನು ನೋಡಿದರು. “ಸತ್ತಿಲ್ಲ ಮೇಡಂ. ಇದು ಎಣಿಸ್ತಾ ಇದೆ. ಈ ಫೋಲ್ಡರಲ್ಲಿ ಲಕ್ಷಗಟ್ಟಲೆ ಪುಟಾಣಿ ಫೈಲ್ ಇವೆ. ಒಂದೊಂದನ್ನೂ ತೆರೆದು ನೋಡಿ ಮುಚ್ಚಬೇಕು. ಡಿಸ್ಕ್ ಬೇರೆ ಮುದುಕ. ಅದರ ಮೇಲೆ, ಇದು ನೋಡೋ ಹೊತ್ತಲ್ಲೇ ಇನ್ಯಾವುದೋ ಪ್ರೋಗ್ರಾಂ ಅದೇ ಫೋಲ್ಡರಿಗೆ ಹೊಸ ಫೈಲ್ ತುಂಬ್ತಾ ಇದೆ. ಒಂದೇ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗೋಕೆ ಹೋಗಿ ಸಿಕ್ಕಿಕೊಂಡಿದಾರೆ.”

“ಏನು ಫೈಲು?”

ಅವರು ಒಂದನ್ನು ತೆರೆದರು.

ನಾನು. ಕಂದು ಸ್ವೆಟರು, ಕಿವಿಯಲ್ಲಿ ಇಯರ್‌ಫೋನು, ಬಾಯಿ ಸ್ವಲ್ಪ ತೆರೆದಿದೆ. ಹಿಂದೆ ಹಗ್ಗದ ಮೇಲೆ ಒಗೆದ ಟವೆಲು. ಇವತ್ತು ಬೆಳಗಿನ ಟವೆಲು.

ಇನ್ನೊಂದು ತೆರೆದರು. ನಾನು. ಇನ್ನೊಂದು. ನಾನು. ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗಿ ಇನ್ನೊಂದು ತೆರೆದರು. ಅಪ್ಪ.

ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನನ್ನನ್ನು ನೇರವಾಗಿ ನೋಡುತ್ತಿದ್ದರು.

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ರಿಪೇರಿಯವರು ನನ್ನನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಬಾಯಿಯ ಮಾತೆಲ್ಲ ಕಡಿಮೆ ಮಾಡಿ ನಿಧಾನಕ್ಕೆ ಬಿಡಿಸಿ ಹೇಳಿದರು. ಇದು ಕಾವಲು ಕಾಯುವ ಪ್ರೋಗ್ರಾಮು. ಮಕ್ಕಳನ್ನೋ ವಯಸ್ಸಾದವರನ್ನೋ ದೂರದಿಂದ ನೋಡಿಕೊಳ್ಳಲು ಹಾಕುತ್ತಾರೆ, ಕೆಟ್ಟ ಕೆಲಸಕ್ಕೂ ಹಾಕುತ್ತಾರೆ. ಕಂಪ್ಯೂಟರ್ ಆನ್ ಇದ್ದಾಗಲೆಲ್ಲ ಆಗಾಗ ಒಂದು ಫೋಟೋ ತೆಗೆಯುತ್ತದೆ. ದೀಪ ಮಿಣಕ್ ಅನ್ನುವುದು ಅದಕ್ಕೆ.

“ಕೆಲವು ಸಲ ಬಹಳ ಹೊತ್ತು ಉರಿಯುತ್ತೆ” ಅಂದೆ.

ಅವರು ನನ್ನ ಮುಖ ನೋಡಲಿಲ್ಲ. “ಆಗ ಆ ಕಡೆ ಯಾರೋ ಫೋನ್ ತೆರೆದು ನೋಡ್ತಾ ಇರ್ತಾರೆ ಮೇಡಂ.”

ಯಾರು ಅಂತ ಕೇಳಿದೆ. ಅವರು ಹುಡುಕಿ ಒಂದು ಇಮೇಲ್ ವಿಳಾಸ ತೋರಿಸಿದರು. ಅದು ಪುಟ್ಟಿ ಅಂತ ಶುರುವಾಗುತ್ತದೆ. ಮನೆಯಲ್ಲಿ ನಾವು ತಂಗಿಯನ್ನು ಕರೆಯುವ ಹೆಸರು. ಮುಂದೆ ಅವಳು ಹುಟ್ಟಿದ ವರ್ಷ.

ಪ್ರೋಗ್ರಾಂ ಹಾಕಿದ ದಿನವೂ ಇತ್ತು. ಹೋದ ವರ್ಷದ ಹಿಂದಿನ ವರ್ಷ ಅವಳು ರಜೆಗೆ ಬಂದಿದ್ದ ವಾರ. ‘ಅಪ್ಪನ ಕಂಪ್ಯೂಟರ್ ನಿಧಾನ ಆಗಿದೆ, ಸ್ವಲ್ಪ ಸರಿ ಮಾಡ್ತೀನಿ’ ಅಂದಿದ್ದಳು. ನಾನು ಅವಳಿಗೆ ಟೀ ಮಾಡಿಕೊಟ್ಟಿದ್ದೆ.

“ತೆಗೆದುಬಿಡ್ಲಾ?” ಅಂತ ರಿಪೇರಿಯವರು ಕೇಳಿದರು. ಬೇಡ, ಹೇಳುತ್ತೇನೆ ಅಂದೆ. ಹೋಗುವ ಮೊದಲು ಬ್ಯಾಗಿನಿಂದ ಟೇಪು ತೆಗೆದು, ಚೂರು ಕತ್ತರಿಸಿ ಕ್ಯಾಮೆರಾದ ಕಣ್ಣಿಗೆ ಅಂಟಿಸಿದರು.

ಮಾರ್ಚ್ 18, ಮಂಗಳವಾರ

ಅಪ್ಪ ಅಲ್ಲ. ಯಾವತ್ತೂ ಅಪ್ಪ ಆಗಿರಲಿಲ್ಲ.

ಮಾರ್ಚ್ 19, ಬುಧವಾರ

ನಾನೇ ಫೋನ್ ಮಾಡಿದೆ. ಎರಡು ದಿನದಿಂದ ಅವಳ ಫೋನ್ ಎತ್ತಿರಲಿಲ್ಲ. ಟೇಪು ಅಂಟಿಸಿದ ಮೇಲೆ ಅವಳಿಗೆ ಕಪ್ಪು ಬಿಟ್ಟು ಬೇರೇನೂ ಕಂಡಿರಲಿಕ್ಕಿಲ್ಲ. ಗೊತ್ತಾಗಿದೆ ಅಂತ ಅವಳಿಗೂ ಗೊತ್ತಿತ್ತು. ಹಲೋ ಅನ್ನುವ ಮೊದಲೇ ಅಳುತ್ತಿದ್ದಳು.

“ಯಾಕೆ ಹಾಕಿದೆ?” ಅಂದೆ.

“ಅಪ್ಪನ ತೋಳಲ್ಲಿ ನೀಲಿ ಕಲೆ ಇತ್ತು. ಕೇಳಿದೆ. ಬಚ್ಚಲ ಬಾಗಿಲಿಗೆ ತಗುಲ್ತು ಅಂದೆ ನೀನು.”

“ತಗುಲಿದ್ದು ಬಾಗಿಲಿಗೇ.”

“ನಮ್ಮ ವಾರ್ಡಲ್ಲಿ ಎಲ್ಲರೂ ಹಾಗೇ ಹೇಳ್ತಾರೆ ಅಕ್ಕ. ಬಾಗಿಲು, ಮೆಟ್ಟಿಲು. ಆಮೇಲೆ ನೋಡಿದ್ರೆ ಮನೆಯವರೇ...”

“ನಾನು ಅಪ್ಪನ್ನ ಹೊಡೀತೀನಿ ಅಂದ್ಕೊಂಡ್ಯಾ?”

“ಮೊದಲ ವಾರ ಅಂದ್ಕೊಂಡೆ.”

ಸುಳ್ಳು ಹೇಳಬಹುದಿತ್ತು ಅವಳು. ಹೇಳಲಿಲ್ಲ.

“ಆಮೇಲೆ?”

“ಆಮೇಲೆ ತೆಗೀಬೇಕು ಅಂತಿದ್ದೆ. ಆದ್ರೆ ಅಲ್ಲಿ ಅಪ್ಪ ಇದ್ರಲ್ಲ. ದಿನಾ ಡ್ಯೂಟಿ ಮುಗಿಸಿ ನೋಡೋಳು. ಅಪ್ಪನಿಗೆ ದೀಪ ಗೊತ್ತಾಗ್ತಿತ್ತು ಅಕ್ಕ. ದೀಪ ಬಂದ್ರೆ ಜೇಬಿಂದ ಬಾಚಣಿಗೆ ತೆಗೆದು ತಲೆ ಬಾಚ್ಕೊಳ್ಳೋರು.”

ಅದು ನನಗೂ ಗೊತ್ತಿತ್ತು. ಮರೆವಿನ ಇನ್ನೊಂದು ಚೇಷ್ಟೆ ಅಂದುಕೊಂಡಿದ್ದೆ. ಬರುತ್ತೇನೆ ಅಂದಳು. ಬರಬೇಡ ಅಂದೆ.

ಮಾರ್ಚ್ 21, ಶುಕ್ರವಾರ

ಎರಡು ದಿನ ಮೈಯೆಲ್ಲ ಉರಿ. ಈ ಕೋಣೆಯಲ್ಲಿ ಬಟ್ಟೆ ಬದಲಿಸಿದ್ದೇನೆ, ಮೂಗು ಒರೆಸಿಕೊಂಡಿದ್ದೇನೆ, ಅತ್ತಿದ್ದೇನೆ, ಹಾಡಿದ್ದೇನೆ. ಅನ್ನ ತಳ ಹಿಡಿಯಿತು ಅಂತ ಅಪ್ಪನಿಗೆ ಹೇಳಿದ್ದನ್ನು ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನೋಡಿದ್ದಾಳೆ. ದನಿ ಕೇಳುವುದಿಲ್ಲ, ಚಿತ್ರ ಮಾತ್ರ ಅಂತ ರಿಪೇರಿಯವರು ಹೇಳಿದ್ದರು. ಅದೊಂದು ಪುಣ್ಯ. ಆದರೂ ಬಾಯಿ ಆಡಿದ್ದು ಕಂಡಿರುತ್ತದೆ.

ಮಧ್ಯಾಹ್ನ ಆ ಫೋಲ್ಡರು ತೆರೆದೆ. ಅಪ್ಪನಿದ್ದ ಭಾಗಕ್ಕೆ ಹೋಗಲಿಲ್ಲ, ಈಚಿನವು ಮಾತ್ರ. ನವೆಂಬರ್, ಡಿಸೆಂಬರ್, ಜನವರಿ. ಎಲ್ಲದರಲ್ಲೂ ಒಬ್ಬಳು ಮುದುಕಿ ಅಪ್ಪನ ಸ್ವೆಟರು ಹಾಕಿಕೊಂಡು ಅಪ್ಪನ ಹಾಗೆಯೇ ಎಡಗೈ ಮೇಲೆ ಗಲ್ಲ ಊರಿ ಕೂತಿದ್ದಾಳೆ. ಕೆಲಸ ಮುಗಿದ ಮೇಲೂ ಕೂತಿದ್ದಾಳೆ. ಕಿಟಕಿಯಲ್ಲಿ ಬೆಳಕು ಬಂದು ಹೋಗುತ್ತದೆ, ಅವಳು ಏಳುವುದಿಲ್ಲ. ಒಂದು ಚಿತ್ರದಲ್ಲಿ ಎದುರಿನ ತಟ್ಟೆಯಲ್ಲಿ ಬ್ರೆಡ್ಡು. ಮುಂದಿನ ಎಷ್ಟೋ ಚಿತ್ರಗಳಲ್ಲಿ ಅದೇ ಬ್ರೆಡ್ಡು.

ಟೈಪ್ ಮಾಡುವಾಗ ಕೆಲವು ರೋಗಿಗಳ ವಿವರ ಕೇಳಿ ಇವರಿಗೆ ಯಾರೂ ದಿಕ್ಕಿಲ್ಲವೇ ಅನ್ನಿಸುತ್ತದೆ. ಹಾಗೆ ಅನ್ನಿಸಿತು.

ಸ್ವೆಟರು ನೆನೆಹಾಕಿದೆ. ನೀರು ಕಾಫಿಯ ಬಣ್ಣಕ್ಕೆ ತಿರುಗಿತು.

ಮಾರ್ಚ್ 22, ಶನಿವಾರ

ಬರಬೇಡ ಅಂದರೂ ಬಂದಳು. ಬೆಳಿಗ್ಗೆ ಬಾಗಿಲು ತೆರೆದರೆ ಬ್ಯಾಗು ಎದೆಗೆ ಅವಚಿಕೊಂಡು ನಿಂತಿದ್ದಳು. ರಾತ್ರಿಯೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟ ಮುಖ. ತಲೆಯಲ್ಲಿ ಇಷ್ಟೊಂದು ಬಿಳಿಕೂದಲು ಯಾವಾಗ ಬಂತು ಇವಳಿಗೆ? ಅವಳು ನನ್ನನ್ನು ದಿನಾ ನೋಡುತ್ತಿದ್ದಳು, ನಾನು ಅವಳನ್ನು ನೋಡಿ ಎಷ್ಟು ಕಾಲವಾಯಿತು.

ಒಳಗೆ ಬಾ ಅನ್ನಲಿಲ್ಲ. ಬಾಗಿಲನ್ನೂ ಹಾಕಲಿಲ್ಲ. ಚಪ್ಪಲಿ ಬಿಟ್ಟು ತಾನೇ ಒಳಗೆ ಬಂದಳು.

ಅವಳು ಪಾತ್ರೆ ತೊಳೆದಳು, ನಾನು ಒರೆಸಿಟ್ಟೆ. ಅಕ್ಕಿ ಡಬ್ಬಿ ಎಲ್ಲಿ ಅಂತಲೂ ಅವಳು ಕೇಳಲಿಲ್ಲ, ಹುಡುಕಿಕೊಂಡಳು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಬಡಿಸಿ, ಅದನ್ನೇ ನೋಡುತ್ತಾ ಕೂತಳು.

“ಹಾಗೆ ನೋಡಬೇಡ. ನೋಡಿದ್ದು ಸಾಕು” ಅಂದೆ.

ತಲೆ ತಗ್ಗಿಸಿದಳು. ಆಮೇಲೆ ತಟ್ಟೆಗೇ ಹೇಳುವವಳ ಹಾಗೆ, “ಅವತ್ತೂ ನೋಡ್ತಿದ್ದೆ ಅಕ್ಕ” ಅಂದಳು.

ಯಾವತ್ತು ಅಂತ ನಾನು ಕೇಳಲಿಲ್ಲ.

“ಡ್ಯೂಟಿಯಲ್ಲಿದ್ದೆ. ಮಧ್ಯೆ ಸುಮ್ನೆ ಫೋನ್ ತೆಗೆದೆ. ಅಪ್ಪ ಕುರ್ಚಿಯಲ್ಲಿ ಮಲಗಿದ್ರು, ನೀನು ಹಿಂದೆ ನಿಂತಿದ್ದೆ. ಇಬ್ಬರೂ ಚೆನ್ನಾಗಿದಾರೆ ಅಂತ ಫೋನ್ ಜೇಬಿಗೆ ಹಾಕ್ಕೊಂಡು ಯಾರಿಗೋ ಇಂಜೆಕ್ಷನ್ ಕೊಡೋಕೆ ಹೋದೆ. ವಾಪಸ್ ಬಂದು ನೋಡಿದ್ರೆ ಮೇಜಿನ ಮೇಲೆ ಟೀ ಲೋಟ ಇತ್ತು. ನೀನು ನೆಲದ ಮೇಲೆ ಮಂಡಿಯೂರಿದ್ದೆ, ಅಪ್ಪನ ತೊಡೆ ಮೇಲೆ ತಲೆ ಇಟ್ಟು.”

ಅವಳ ಕೈ ಅನ್ನದಲ್ಲೇ ನಿಂತಿತ್ತು.

“ಮುಂದಿನ ಫೋಟೋದಲ್ಲೂ ಹಾಗೇ ಇದ್ದೆ. ಅದರ ಮುಂದಿನದರಲ್ಲೂ. ನಂಗೆ ಗೊತ್ತಾಯ್ತು. ಫೋನ್ ಮಾಡೋ ಹಾಗಿಲ್ಲ, ಹೇಗೆ ಗೊತ್ತಾಯ್ತು ಅಂತ ಕೇಳ್ತೀಯ. ಸ್ಟೋರ್ ರೂಮಲ್ಲಿ ಕೂತು ನೀನು ಯಾವಾಗ ಮಾಡ್ತೀಯ ಅಂತ ಕಾಯ್ತಾ ಇದ್ದೆ. ನೀನು ಮಾಡಿ, ‘ಪುಟ್ಟಿ, ಅಪ್ಪ ಹೋದ್ರು’ ಅಂದಾಗ ಮೊದಲನೇ ಸಲ ಕೇಳಿದೋಳ ಹಾಗೆ ಅತ್ತೆ. ಅಳು ಸುಳ್ಳಲ್ಲ ಅಕ್ಕ. ಆದ್ರೆ ಅದು ಎರಡನೇ ಸಲದ್ದು.”

ಅವಳಿಗೆ ಫೋನ್ ಮಾಡಲು ನನಗೆ ಬಹಳ ಹೊತ್ತು ಹಿಡಿದಿತ್ತು. ಡಾಕ್ಟರ್ ಬಂದು ಹೋದ ಮೇಲೆ ಮಾಡಿದ್ದೆ. ಅಷ್ಟು ಹೊತ್ತು ಅವಳು ಔಷಧಿಯ ಪೆಟ್ಟಿಗೆಗಳ ನಡುವೆ ಕೂತು ನನ್ನ ಬೆನ್ನನ್ನು ನೋಡುತ್ತಿದ್ದಳು.

“ಆಮೇಲಾದ್ರೂ ತೆಗೀಬಹುದಿತ್ತು” ಅಂದೆ. ನನ್ನ ದನಿ ಒರಟಾಗಿಯೇ ಇತ್ತು.

“ನೀನು ಆ ಕುರ್ಚಿಗೆ ಬಂದು ಕೂತೆ. ಏಳಲೇ ಇಲ್ಲ. ಕಣ್ಣು ಮುಚ್ಚಿದ್ರೆ ಬಿದ್ದುಬಿಡ್ತೀಯೇನೋ ಅಂತ.”

ಸಂಜೆ ಅವಳು ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹೊರಟಳು. ಒಬ್ಬಳೇ ಹೊರಲಾರಳು ಅಂತ ಇನ್ನೊಂದು ಕಡೆ ಹಿಡಿದುಕೊಂಡೆ. ಸ್ವೆಟರು ಭಾರ, ತಾರಸಿಯ ಹಗ್ಗ ಜಗ್ಗಿತು.

ಮಾರ್ಚ್ 23, ಭಾನುವಾರ

ಇವತ್ತು ಇಬ್ಬರೂ ಕೂತು ಆ ದಿನದ ಚಿತ್ರಗಳನ್ನು ನೋಡಿದೆವು. ನಾನೇ ಕೇಳಿದೆ. ಅವಳು ಬೇಡ ಅಂದಳು. “ನೀನು ನೋಡಿದೀಯ, ನಾನು ಯಾಕೆ ನೋಡಬಾರದು?” ಅಂದ ಮೇಲೆ ಫೋಲ್ಡರು ತೆರೆದಳು.

ಅಪ್ಪ ಇಸ್ಪೀಟು ಆಡುತ್ತಿದ್ದಾರೆ. ಹಿಂದಿನ ಬಾಗಿಲಲ್ಲಿ ನಾನು ಖಾಲಿ ಬಕೆಟ್ಟು ಹಿಡಿದು ಹೊರಟಿದ್ದೇನೆ. ಆಮೇಲೆ ಅಪ್ಪ ಒಬ್ಬರೇ, ಗಲ್ಲಕ್ಕೆ ಕೈ ಕೊಟ್ಟಿದ್ದಾರೆ. ಬಾಗಿಲ ಕಡೆ ತಿರುಗಿಲ್ಲ, ಯಾರನ್ನೂ ಕರೆಯುತ್ತಿಲ್ಲ. ಇನ್ನೊಂದರಲ್ಲಿ ಕಣ್ಣು ಮುಚ್ಚಿದೆ.

ಆಮೇಲಿನ ಚಿತ್ರದಲ್ಲಿ ನಾನಿದ್ದೇನೆ. ಅಪ್ಪನ ಹಿಂದೆ ನಿಂತು, ತಾರಸಿಯಿಂದ ತಂದ ಹೊದಿಕೆಯನ್ನು ಅವರ ಹೆಗಲಿನಿಂದ ಮಂಡಿಯವರೆಗೆ ಹೊದಿಸುತ್ತಿದ್ದೇನೆ. ಮುಖದಲ್ಲಿ ಇನ್ನೂ ಟೀಚರ್ ಜೊತೆ ನಕ್ಕ ನಗು ಉಳಿದಿದೆ. ಅಪ್ಪನ ಬಲಗೈ ಹೊದಿಕೆಯ ಅಂಚಿನ ಮೇಲಿದೆ.

ಇದು ನನಗೆ ನೆನಪಿಲ್ಲ. ಹೊದಿಸಿದ್ದು ನೆನಪಿಲ್ಲ. ನಾಲ್ಕು ತಿಂಗಳಿಂದ ಆ ದಿನವನ್ನು ಹಿಂದೆ ಮುಂದೆ ಓಡಿಸಿ ನೋಡಿದ್ದೇನೆ, ಅದರಲ್ಲಿ ಈ ಹೊದಿಕೆ ಇಲ್ಲವೇ ಇಲ್ಲ. ಬಂದೆ, ಟೀಗೆ ನೀರಿಟ್ಟೆ ಅಂತಲೇ ಇದೆ. ನನ್ನ ಕೈ, ನನ್ನ ಮುಖ, ಆದರೆ ಮಾಡಿದವಳು ಬೇರೆ ಯಾರೋ ಅನ್ನುವ ಹಾಗೆ. ಬಿಸಿಲಿಗೆ ಒಣಗಿದ ಬಟ್ಟೆ, ಬೆಚ್ಚಗಿದ್ದಿರಬೇಕು.

“ಈ ಕೈ ಹಿಡ್ಕೊಂಡಿದೆಯೋ, ಸುಮ್ನೆ ಬಿದ್ದಿದೆಯೋ?” ಅಂದೆ. “ನರ್ಸ್ ನೀನು, ಹೇಳು. ಇಲ್ಲಿ ಅಪ್ಪ ಇದಾರೋ ಇಲ್ವೋ?”

ಅವಳು ಚಿತ್ರ ದೊಡ್ಡದು ಮಾಡಿದಳು. ಬೆರಳುಗಳು ಚೌಕ ಚೌಕವಾಗಿ ಒಡೆದುಹೋದವು. ಮತ್ತೆ ಚಿಕ್ಕದು ಮಾಡಿದಳು.

“ಫೋಟೋದಲ್ಲಿ ನಾಡಿ ಸಿಗಲ್ಲ ಅಕ್ಕ.”

ಸಮಾಧಾನಕ್ಕೆ ಇದ್ದಾರೆ ಅಂತ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಅವಳು ನನ್ನ ತೋಳಿಗೆ ತಲೆ ಒರಗಿಸಿದಳು. ದೂಡಬೇಕು ಅನ್ನಿಸಿತು, ದೂಡಲಿಲ್ಲ.

ಮಾರ್ಚ್ 25, ಮಂಗಳವಾರ

ರಿಪೇರಿಯವರು ಬಂದಿದ್ದರು. ತಂಗಿಯನ್ನು ನೋಡಿ, ಇಮೇಲ್ ವಿಳಾಸ ನೆನಪಾಗಿರಬೇಕು, ಇದ್ದಕ್ಕಿದ್ದಂತೆ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದರು. “ಅವಳು ನನ್ನ ತಂಗಿ. ಆ ಪ್ರೋಗ್ರಾಂ ತೆಗೆಯೋಕೆ ಅವಳೇ ಪಾಸ್‌ವರ್ಡ್ ಕೊಡ್ತಾಳೆ” ಅಂದೆ.

ಅಪ್ಪನ ಚಿತ್ರ ಉಳಿಸಿಕೊಂಡು ನನ್ನವನ್ನು ಅಳಿಸಿಬಿಡಿ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಬೇರೆ ಮಾಡೋಕಾಗಲ್ಲ ಮೇಡಂ. ನಿಮ್ಮ ತಂದೆ ಇರೋ ಕಡೆಯೆಲ್ಲ ಹಿಂದೆ ಎಲ್ಲೋ ನೀವೂ ಇದೀರ” ಅಂದರು. ನಿಜ. ಒಂದರಲ್ಲಿ ಲೋಟ ಹಿಡಿದ ಕೈ ಮಾತ್ರ, ಇನ್ನೊಂದರಲ್ಲಿ ಬಾಗಿಲು ದಾಟುವ ಭುಜ, ಮತ್ತೊಂದರಲ್ಲಿ ಅಪ್ಪನ ಉಗುರು ಕತ್ತರಿಸುತ್ತಾ ನೆಲದ ಮೇಲೆ ಕೂತ ನನ್ನ ನೆತ್ತಿ. ಅಪ್ಪ ಹೋದ ದಿನದವರೆಗಿನ ಎಲ್ಲವನ್ನೂ ಬೇರೆ ಡಿಸ್ಕಿಗೆ ಹಾಕಿಸಿದೆ. ಆಮೇಲಿನದು ಒಂದೂ ಬೇಡ ಅಂದೆ.

ಪ್ರೋಗ್ರಾಂ ತೆಗೆದು ಚಿತ್ರಗಳನ್ನು ಅಳಿಸಲು ಬಹಳ ಹೊತ್ತಾಯಿತು. ತಂಗಿ ಎದ್ದು ಅಡುಗೆಮನೆಗೆ ಹೋದಳು. ನಾನು ಕೂತು ನೋಡಿದೆ.

ಆಮೇಲೆ ಸ್ಕ್ಯಾನು. ಪಟ್ಟಿ ಅರ್ಧಕ್ಕೆ ಬಂತು. ನಿಲ್ಲಲಿಲ್ಲ. ಸಲೀಸಾಗಿ ಕೊನೆಯವರೆಗೆ ಹೋಗಿ, ಏನೂ ಸಿಗಲಿಲ್ಲ ಅಂತ ಬರೆಯಿತು. ರಿಪೇರಿಯವರು ಸಂತೋಷದಿಂದ ನನ್ನ ಬೆನ್ನು ತಟ್ಟಿದರು. ನಾನು ಆ ಎರಡು ಪದಗಳನ್ನು ಬಹಳ ಹೊತ್ತು ಓದಿದೆ.

ರಿಪೋರ್ಟು ಕಳಿಸಿದೆ. ಬಂತು ಅಂತ ಆಫೀಸಿನವರು ಬರೆದಿದ್ದಾರೆ.

ಮಾರ್ಚ್ 26, ಬುಧವಾರ

ತಂಗಿ ಹೋದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ನನ್ನ ಮೇಲೆ ಸಿಟ್ಟು ಹೋಯ್ತಾ ಅಕ್ಕ?” ಅಂದಳು.

“ಇಲ್ಲ” ಅಂದೆ. “ಇರುತ್ತೆ ಸ್ವಲ್ಪ ದಿನ. ನೀನು ಹೋಗಿ ಮುಟ್ಟಿದ ಮೇಲೆ ಹೇಳು.”

ಬರುವಾಗ ನಡೆದುಕೊಂಡೇ ಬಂದೆ. ತರಕಾರಿ ತಂದೆ.

ಮಾರ್ಚ್ 29, ಶನಿವಾರ

ಇವತ್ತು ಕೆಲಸ ಬಹಳ. ಒಬ್ಬ ಹೊಸ ಡಾಕ್ಟರು, ಪದಗಳನ್ನು ನುಂಗುತ್ತಾನೆ, ಒಂದೊಂದು ಸಾಲನ್ನು ಮೂರು ಮೂರು ಸಲ ಕೇಳಬೇಕು. ಮನೆ ಸುಮ್ಮನಿದೆ. ಈ ಸುಮ್ಮನಿರುವಿಕೆ ಬೇರೆ ಥರದ್ದು. ಮೊದಲು ಯಾರೋ ಇದ್ದು ಸುಮ್ಮನಿದ್ದ ಹಾಗಿತ್ತು. ಕೆಲವು ಸಲ ಬಾಯಿ ತೆರೆದು ಏನೋ ಹೇಳಲು ಹೋಗುತ್ತೇನೆ, ಆಮೇ​ಲೆ ಯಾರಿಗೆ ಅಂತ ಮುಚ್ಚುತ್ತೇನೆ.

ಮಧ್ಯಾಹ್ನ ತಂಗಿಯ ಫೋನು. ಮೊದಲಾಗಿದ್ದರೆ ಫೋನ್ ಎತ್ತಿದ ಕೂಡಲೇ, ನೆಟ್ಟಗೆ ಕೂತ್ಕೋ, ಲೈಟ್ ಹಾಕ್ಕೋ ಅಂತ ಏನಾದರೊಂದು ಹೇಳುತ್ತಿದ್ದಳು.

“ಏನ್ ಮಾಡ್ತಿದೀಯ ಅಕ್ಕ?” ಅಂತ ಕೇಳಿದಳು.

ಒಂದೂವರೆ ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಇದೇ ಮೊದಲು. ದನಿಯಲ್ಲಿ ಹೆದರಿಕೆ ಇತ್ತು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

“ಊಟಕ್ಕೆ ಕೂತಿದೀನಿ” ಅಂದೆ.

“ಹೌದಾ. ಸರಿ, ಮಾಡು ಮಾಡು. ಆಮೇಲೆ ಮಾಡ್ತೀನಿ” ಅಂದು ಇಟ್ಟಳು. ನಂಬಿದಳು.

ನಾನು ಕೂತದ್ದು ಊಟಕ್ಕಲ್ಲ. ಒಲೆಯನ್ನೇ ಹಚ್ಚಿರಲಿಲ್ಲ. ಇಯರ್‌ಫೋನ್ ತೆಗೆದಿಟ್ಟು, ಎದ್ದು, ಅನ್ನಕ್ಕಿಟ್ಟೆ. ಅದು ಆಗುವವರೆಗೆ ಒಲೆಯ ಹತ್ತಿರವೇ ನಿಂತಿದ್ದು, ತಟ್ಟೆಗೆ ಹಾಕಿಕೊಂಡು ಕೂತು, ಪೂರ್ತಿ ತಿಂದೆ.